ಮುಳ್ಳು ತೋರಿಸುವ ಕಡೆಗೇ ಆಂಟೆನಾ ಇದೆಯೇ?

ಬೆಂಗಳೂರಿನ ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೊ ಬಳಕೆದಾರರು, ಒಬ್ಬರು ಸಂಜೆ 20 ಮೀಟರ್ ಬ್ಯಾಂಡಿನಲ್ಲಿ ಯುರೋಪಿನ ಕಡೆಗೆ ಕರೆ ಕೊಡಬೇಕಾದರೆ ತಮ್ಮ ಬೀಮ್ ಆಂಟೆನಾವನ್ನು ಸುಮಾರು 320 ಡಿಗ್ರಿಗೆ, ಅಂದರೆ ವಾಯವ್ಯಕ್ಕೆ ತಿರುಗಿಸಬೇಕು. ಮೇಜಿನ ಮೇಲಿನ ಕಂಟ್ರೋಲ್ ಬಾಕ್ಸಿನ ಗುಂಡಿ ಒತ್ತಿದರೆ ಮುಳ್ಳು ನಿಧಾನವಾಗಿ ಸರಿದು 320ರಲ್ಲಿ ನಿಲ್ಲುತ್ತದೆ. ಆದರೆ ಮುಳ್ಳಿಗೂ ಟವರಿನ ತುದಿಯ ಆಂಟೆನಾಕ್ಕೂ ನಡುವೆ ಒಂದು ಪೊಟೆನ್ಶಿಯೊಮೀಟರ್, ನಾಲ್ಕಾರು ಗೇರುಗಳು, ಒಂದು ಮಾಸ್ಟ್, ಅದನ್ನು ಹಿಡಿದ ಕ್ಲ್ಯಾಂಪು, ಬೂಮಿನ (ಆಂಟೆನಾದ ನಡುಕೊಳವೆಯ) ಬೋಲ್ಟುಗಳು, ಹತ್ತಾರು ಮೀಟರ್ ಕೇಬಲ್ ಇವೆ. ಎಲ್ಲಕ್ಕಿಂತ ಮುಖ್ಯವಾಗಿ, ಎಂದೋ ಒಂದು ದಿನ ಯಾರೋ ‘ಉತ್ತರ ಇತ್ತ’ ಎಂದು ಮಾಡಿದ ತೀರ್ಮಾನ ಇದೆ. ಇವುಗಳಲ್ಲಿ ಒಂದು ತಪ್ಪಿದರೂ ಮುಳ್ಳು ಹೇಳುವುದು ಸುಳ್ಳಾಗುತ್ತದೆ.

ಆಂಟೆನಾ ತಿರುಗಿಸುವ ಯಂತ್ರವನ್ನು, ಅಂದರೆ ರೊಟೇಟರನ್ನು, ಕೂರಿಸುವುದರ ಬಗ್ಗೆ ಹ್ಯಾಮ್‌ಗಳ ನಡುವೆ ನಡೆಯುವ ಚರ್ಚೆ ಬಹುಪಾಲು ಯಾವ ಕಂಪನಿಯದು ಕೊಳ್ಳಬೇಕು, ಎಷ್ಟು ಅಂಕಿಯ ಡಿಸ್‌ಪ್ಲೇ ಬೇಕು ಎಂಬುದರಲ್ಲೇ ಮುಗಿಯುತ್ತದೆ. ಈ ವಿಷಯದಲ್ಲಿ ಇದುವರೆಗೆ ತಿಳಿದಿರುವುದನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ನನಗೆ ಕಾಣುವುದು ಬೇರೆ. ನಿಖರತೆ ಬೀಮಿನ ಅಗಲ ಕೇಳಿದಷ್ಟಿದ್ದರೆ ಸಾಕು. ಬಲ ಮಾತ್ರ ಲೆಕ್ಕ ಕೇಳಿದ್ದಕ್ಕಿಂತ ಹೆಚ್ಚೇ ಇರಬೇಕು. ನಮ್ಮಲ್ಲಿ ಹಲವರು ಇದನ್ನು ತಿರುವುಮುರುವಾಗಿ ಮಾಡುತ್ತೇವೆ: ದಶಾಂಶದವರೆಗೆ ಡಿಗ್ರಿ ತೋರಿಸುವ ಪೆಟ್ಟಿಗೆಗೆ ಹಣ ಸುರಿದು, ಮೊದಲ ಬಿರುಗಾಳಿಗೇ ಜಾರುವ ಕ್ಲ್ಯಾಂಪಿನ ಮೇಲೆ ಆಂಟೆನಾ ನಿಲ್ಲಿಸುತ್ತೇವೆ.

ಕೈಯಿಂದ ಮೋಟರಿಗೆ

1926ರಲ್ಲಿ ಜಪಾನಿನ ಸೆಂದಾಯ್ ನಗರದ ತೊಹೊಕು ಸಾಮ್ರಾಜ್ಯ ವಿಶ್ವವಿದ್ಯಾಲಯದ ಶಿಂತಾರೊ ಉದಾ ಮತ್ತು ಹಿದೆತ್ಸುಗು ಯಾಗಿ ಅವರು ಲೋಕಕ್ಕೆ ಪರಿಚಯಿಸಿದ ಆಂಟೆನಾ ಒಂದೇ ದಿಕ್ಕಿಗೆ ಶಕ್ತಿಯನ್ನು ಕೂಡಿಸುತ್ತದೆ. ಮೂರು ಎಲಿಮೆಂಟಿನ (ಅಡ್ಡಕೊಳವೆಗಳ) ಸಾಧಾರಣ ಯಾಗಿ ಆಂಟೆನಾ ಕೂಡ ಡೈಪೋಲಿಗಿಂತ ಸುಮಾರು 5 ಡೆಸಿಬೆಲ್, ಅಂದರೆ ಮೂರು ಪಟ್ಟು ಹೆಚ್ಚು ಶಕ್ತಿಯನ್ನು ಮುಂದಕ್ಕೆ ಕಳಿಸುತ್ತದೆ. ಹಿಂದಿನಿಂದ ಬರುವ ಗದ್ದಲವನ್ನೂ ತಗ್ಗಿಸುತ್ತದೆ. ಈ ಲಾಭದ ಬೆಲೆಯೆಂದರೆ ಆಂಟೆನಾವನ್ನು ತಿರುಗಿಸಲೇಬೇಕು. 14 ಮೆಗಾಹರ್ಟ್ಸ್‌ನಲ್ಲಿ ಒಂದೊಂದು ಎಲಿಮೆಂಟೂ ಸುಮಾರು 10 ಮೀಟರ್ ಉದ್ದ. ಮೊದಮೊದಲು ಹ್ಯಾಮ್‌ಗಳು ಮಾಸ್ಟಿನ ಬುಡಕ್ಕೆ ಹೋಗಿ ಕೈಯಿಂದಲೇ, ಇಲ್ಲವೇ ಹಗ್ಗ ಕಟ್ಟಿ ಎಳೆದು ತಿರುಗಿಸುತ್ತಿದ್ದರು. ಇವತ್ತಿಗೂ ತಾರಸಿಯ ಮೇಲೆ ಸಣ್ಣ ಆಂಟೆನಾ ಇಟ್ಟುಕೊಂಡವರಿಗೆ ಅದು ಕೆಟ್ಟ ದಾರಿಯೇನಲ್ಲ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ವಿಮಾನಗಳ ಪ್ರೊಪೆಲರ್ ಅಲಗಿನ ಕೋನ ಬದಲಿಸಲು ಬಳಸುತ್ತಿದ್ದ ಬಲಿಷ್ಠ ಮೋಟರುಗಳು ಅಮೆರಿಕದ ಗುಜರಿ ಮಾರುಕಟ್ಟೆಗೆ ಬಂದವು. ದೊಡ್ಡ ಆಂಟೆನಾ ಇದ್ದವರು ಅವನ್ನೇ ಟವರಿಗೆ ಕೂರಿಸಿದರು. ಕೆಲವು ಇಂದಿಗೂ ದುಡಿಯುತ್ತಿವೆ. ಮುಂದೆ ಟೆಲಿವಿಷನ್ ಮನೆಮನೆಗೆ ಬಂದಾಗ ಟಿವಿ ಆಂಟೆನಾ ತಿರುಗಿಸುವ ಹಗುರ ರೊಟೇಟರುಗಳು ಅಲ್ಲಿ ಧಾರಾಳವಾಗಿ ಸಿಗತೊಡಗಿದವು. ಅವನ್ನು ತಯಾರಿಸುತ್ತಿದ್ದ ಕಾರ್ನೆಲ್-ಡುಬಿಲಿಯರ್ ಕಂಪನಿಯ ‘ಹ್ಯಾಮ್’ ಸರಣಿ ‘ಹ್ಯಾಮ್-4’ ಮತ್ತು ‘ಟೇಲ್‌ಟ್ವಿಸ್ಟರ್’ವರೆಗೆ ಬೆಳೆದು, ಮುಂದೆ ಹೈ-ಗೇನ್ ಹೆಸರಿನಲ್ಲಿ ಬರತೊಡಗಿತು. ಜಪಾನಿನ ಯೇಸು, ಇಟಲಿಯ ಪ್ರೊಸಿಸ್ಟೆಲ್, ಪೋಲೆಂಡಿನ ಸ್ಪಿಡ್ ಇಂದು ಎಲ್ಲೆಡೆ ಕೇಳಿಬರುವ ಇತರ ಹೆಸರುಗಳು. ಹೈ-ಗೇನ್ ಅನ್ನು ನಡೆಸುತ್ತಿದ್ದ ಅಮೆರಿಕದ ಎಂಎಫ್‌ಜೆ ಸಂಸ್ಥೆ 2024ರ ಮೇ ತಿಂಗಳಲ್ಲಿ ತನ್ನ ಕಾರ್ಖಾನೆಯ ಉತ್ಪಾದನೆಯನ್ನು ನಿಲ್ಲಿಸಿದಾಗ, ಬಿಡಿಭಾಗಗಳ ಚಿಂತೆ ಜಗತ್ತಿನ ಹ್ಯಾಮ್‌ಗಳನ್ನೆಲ್ಲ ಕಾಡಿತು.

ನಮ್ಮಲ್ಲಿ ಆ ಚಿಂತೆ ಮೊದಲಿನಿಂದಲೂ ಇದೆ. ಹೊಸ ರೊಟೇಟರ್ ಬೇಕೆಂದರೆ ಆಮದು ಸುಂಕ, ಸಾಗಣೆ ವೆಚ್ಚ ಸೇರಿ ಬೆಲೆ ಕೈಗೆಟುಕದು. ಕೆಟ್ಟರೆ ಬಿಡಿಭಾಗಕ್ಕಾಗಿ ತಿಂಗಳುಗಟ್ಟಲೆ ಕಾಯಬೇಕು. ಹಾಗಾಗಿ ಲಾರಿಯ ವೈಪರ್ ಮೋಟರು, ಹಳೆಯ ಡಿಶ್ ಆಂಟೆನಾದ ಆಕ್ಚುಯೇಟರು, ಕೈಗಾರಿಕೆಯಿಂದ ಹೊರಬಿದ್ದ ವರ್ಮ್ ಗೇರ್‌ಬಾಕ್ಸುಗಳಿಂದ ರೊಟೇಟರ್ ಕಟ್ಟಿಕೊಂಡವರು ನಮ್ಮಲ್ಲಿ ಅನೇಕ. ವರ್ಮ್ ಗೇರಿನ ದೊಡ್ಡ ಗುಣವೆಂದರೆ ಮೋಟರು ಅದನ್ನು ತಿರುಗಿಸಬಲ್ಲುದು, ಗಾಳಿ ಹಿಂದಿನಿಂದ ದೂಡಿ ತಿರುಗಿಸಲಾರದು. ಬೇರೆ ಬ್ರೇಕಿನ ಅಗತ್ಯವೇ ಬೀಳುವುದಿಲ್ಲ.

ಎಷ್ಟು ನಿಖರತೆ ಸಾಕು?

ಬೀಮಿನ ಅಗಲವೆಂದರೆ, ಶಕ್ತಿ ಅರ್ಧಕ್ಕಿಳಿಯುವ ಎರಡು ಅಂಚುಗಳ ನಡುವಿನ ಕೋನ. ಮೂರು ಎಲಿಮೆಂಟಿನ ಎಚ್‌ಎಫ್ ಯಾಗಿಯಲ್ಲಿ ಇದು ಸುಮಾರು 60 ಡಿಗ್ರಿ. ಗುರಿಯಿಂದ 10 ಡಿಗ್ರಿ ಆಚೆ ತಿರುಗಿದ್ದರೂ ನಷ್ಟ ಡೆಸಿಬೆಲ್ಲಿನ ಮೂರನೇ ಒಂದು ಭಾಗ. ಕಿವಿಗೆ ಅದು ತಿಳಿಯುವುದೇ ಇಲ್ಲ. 15 ಡಿಗ್ರಿ ತಪ್ಪಿದರೂ ಮುಕ್ಕಾಲು ಡೆಸಿಬೆಲ್ ಅಷ್ಟೆ. ಉಪಗ್ರಹಗಳಿಗೆ ಬಳಸುವ ಉದ್ದ ಬೂಮಿನ ಯುಎಚ್‌ಎಫ್ ಯಾಗಿಯಲ್ಲಿ ಅಗಲ 30 ಡಿಗ್ರಿಯ ಆಸುಪಾಸು. ಅಲ್ಲಿ 5 ಡಿಗ್ರಿಯೊಳಗಿದ್ದರೆ ನೆಮ್ಮದಿ. 10 ಗಿಗಾಹರ್ಟ್ಸ್‌ನ ಒಂದು ಮೀಟರ್ ಡಿಶ್‌ಗೆ ಬಂದರೆ ಕಥೆಯೇ ಬೇರೆ. ಅದರ ಬೀಮ್ ಸುಮಾರು 2 ಡಿಗ್ರಿ. ಒಂದು ಡಿಗ್ರಿ ತಪ್ಪಿದರೆ ಅರ್ಧ ಶಕ್ತಿ ಹೋಯಿತು.

ಎಚ್‌ಎಫ್ ಹ್ಯಾಮ್ ಒಬ್ಬರು 5 ಡಿಗ್ರಿಯೊಳಗೆ ಹೊಂದಿಸಿಕೊಂಡರೆ ಅದಕ್ಕಿಂತ ಮುಂದಿನ ಶ್ರಮವೆಲ್ಲ ಮನಸ್ಸಮಾಧಾನಕ್ಕೆ ಮಾತ್ರ. ಅಲೆಗಳು ಅಯಾನುಗೋಳದಲ್ಲಿ ಬಾಗಿ ಬರುವಾಗ ದಿಕ್ಕು ತಾನೇ ಕೆಲವು ಡಿಗ್ರಿ ಆಚೀಚೆ ಆಗುವುದುಂಟು. ಅಂಥ ಕಡೆ ದಶಾಂಶ ಡಿಗ್ರಿಯ ಅಂಕಿ ಏನನ್ನೂ ಹೇಳುವುದಿಲ್ಲ. ಆ ಹಣ ಗಟ್ಟಿ ಮಾಸ್ಟಿಗೆ ಹೋಗಬೇಕು.

ಗಾಳಿಯ ಲೆಕ್ಕ

ಭಾರತೀಯ ಮಾನಕ ಐಎಸ್ 875ರ ಮೂರನೇ ಭಾಗ ಕಟ್ಟಡಗಳಿಗೆ ಗಾಳಿಯ ವೇಗವನ್ನು ನಿಗದಿ ಮಾಡುತ್ತದೆ. ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39 ಮೀಟರ್. ಅಂತರ ಸಣ್ಣದೆನಿಸಬಹುದು. ಆದರೆ ಒತ್ತಡ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಬೆಂಗಳೂರಿನಲ್ಲಿ ಚದರ ಮೀಟರಿಗೆ ಸುಮಾರು 67 ಕೆ.ಜಿ. ತೂಕದಷ್ಟು ಬೀಳುವ ಒತ್ತಡ ಮಂಗಳೂರಿನಲ್ಲಿ 93 ಕೆ.ಜಿ.ಯಷ್ಟಾಗುತ್ತದೆ. ಎತ್ತರ ಹೆಚ್ಚಿದಂತೆ ಇದು ಇನ್ನೂ ಏರುತ್ತದೆ. ಅರ್ಧ ಚದರ ಮೀಟರ್ ಗಾಳಿಮೈ ಇರುವ ಆಂಟೆನಾ ಕರಾವಳಿಯಲ್ಲಿ ಸುಮಾರು 47 ಕೆ.ಜಿ.ಯ ತಳ್ಳುವಿಕೆಯನ್ನು ತಾಳಿಕೊಳ್ಳಬೇಕು.

ಈ ಬಲ ಟವರನ್ನು ಬಾಗಿಸುತ್ತದೆ. ರೊಟೇಟರಿಗೆ ಹೆಚ್ಚು ಕೆಡುಕು ಮಾಡುವುದು ಇನ್ನೊಂದು, ತಿರುಚುವಿಕೆ. ಬೂಮಿನ ಎರಡೂ ಬದಿಯಲ್ಲಿ ಗಾಳಿಮೈ ಸಮವಾಗಿದ್ದರೆ ಸಮಗಾಳಿಯಲ್ಲಿ ತಿರುಚುವ ಬಲ ತನಗೆ ತಾನೇ ಕಳೆಯುತ್ತದೆ. ಆದರೆ ಏಪ್ರಿಲ್-ಮೇ ತಿಂಗಳ ಸಂಜೆಯ ಬಿರುಗಾಳಿ ಸಮವಾಗಿ ಬೀಸುವುದಿಲ್ಲ. ಬೂಮಿನ ಒಂದು ತುದಿಗೆ ಹೊಡೆದು, ಮರುಕ್ಷಣ ಇನ್ನೊಂದಕ್ಕೆ ಹೊಡೆಯುತ್ತದೆ. ಆ ಹೊಡೆತ ನೇರವಾಗಿ ಬ್ರೇಕಿಗೂ ಗೇರಿನ ಹಲ್ಲಿಗೂ ತಲಪುತ್ತದೆ. ಆದ್ದರಿಂದಲೇ ರೊಟೇಟರ್ ಆಯುವಾಗ ಆಂಟೆನಾದ ತೂಕವನ್ನಷ್ಟೇ ನೋಡಬಾರದು. ಹೈ-ಗೇನ್ ತನ್ನ ರೊಟೇಟರುಗಳಿಗೆ ತೂಕವನ್ನು ತಿರುಗುವ ತ್ರಿಜ್ಯದಿಂದ ಗುಣಿಸಿದ ಒಂದು ಅಂಕಿಯನ್ನೂ ಕೊಡುತ್ತಾ ಬಂದಿದೆ. ತೂಕ ಒಂದೇ ಇದ್ದರೂ ಚಾಚು ಹೆಚ್ಚಿದಷ್ಟು ಗೇರಿಗೆ ಕಷ್ಟ ಹೆಚ್ಚು. ತಿರುಗುತ್ತಿರುವ ಉದ್ದ ಬೂಮನ್ನು ತಟ್ಟನೆ ನಿಲ್ಲಿಸಿದಾಗ ಅದರ ಚಲನೆಯ ಶಕ್ತಿಯೆಲ್ಲ ಕೆಲವೇ ಹಲ್ಲುಗಳ ಮೇಲೆ ಬೀಳುತ್ತದೆ.

ಹ್ಯಾಮ್-4ರಲ್ಲಿ ಬ್ರೇಕ್ ಎಂದರೆ ಸೊಲೆನಾಯ್ಡ್ ಎಳೆದಾಗ ಹಿಂದೆ ಸರಿಯುವ ಒಂದು ಬೆಣೆ. ಆಂಟೆನಾ ಇನ್ನೂ ತಿರುಗುತ್ತಿರುವಾಗ ಆ ಬೆಣೆ ಬಿದ್ದರೆ ಹೊಡೆತ ಜೋರು. ಮೋಟರು ನಿಂತ ಮೇಲೆ ಕೆಲವು ಸೆಕೆಂಡು ಕಾಯ್ದು ಬ್ರೇಕ್ ಬೀಳಲು ಬಿಡುವುದು ಆ ರೊಟೇಟರಿನ ಆಯುಷ್ಯವನ್ನೇ ಹೆಚ್ಚಿಸುವ ಅಭ್ಯಾಸ. ಹಿಂದುಮುಂದಾಗಿ ತಿರುಗಿಸುವಾಗಲೂ ಆಂಟೆನಾ ಪೂರ್ತಿ ನಿಲ್ಲುವವರೆಗೆ ತಾಳ್ಮೆ ಬೇಕು.

ಮೇಲೇರಿಸುವ ಮುನ್ನ

ಈ ಕೆಲಸದಲ್ಲಿ ಅತಿ ಹೆಚ್ಚು ಫಲ ಕೊಡುವ ಗಂಟೆಗಳು ನೆಲದ ಮೇಲೆ ಕಳೆದವು. ರೊಟೇಟರನ್ನು ಮೇಜಿನ ಮೇಲೆ ಬೋಲ್ಟು ಹಾಕಿ ನಿಲ್ಲಿಸಿ, ಟವರಿಗೆ ಬಳಸಲಿರುವ ಅದೇ ಕೇಬಲ್ಲನ್ನು ಪೂರ್ತಿ ಉದ್ದಕ್ಕೆ ಬಿಚ್ಚಿ ಜೋಡಿಸಬೇಕು. ಎರಡು ಮೀಟರ್ ತುಂಡು ತಂತಿಯಲ್ಲಿ ಚೆನ್ನಾಗಿ ಓಡಿದ ಮೋಟರು 40 ಮೀಟರಿನ ತುದಿಯಲ್ಲಿ ಮುಲುಗಬಹುದು. 24 ವೋಲ್ಟಿನಲ್ಲಿ 2 ಆಂಪಿಯರ್ ಎಳೆಯುವ ಮೋಟರನ್ನೇ ತೆಗೆದುಕೊಳ್ಳಿ. ಅರ್ಧ ಚದರ ಮಿಲಿಮೀಟರ್ ತಾಮ್ರದ ತಂತಿಯಲ್ಲಿ 40 ಮೀಟರ್ ಹೋಗಿ ಬರುವಷ್ಟರಲ್ಲಿ ಸುಮಾರು 6 ವೋಲ್ಟ್ ಕಳೆದುಹೋಗುತ್ತದೆ. ಒಂದೂವರೆ ಚದರ ಮಿಲಿಮೀಟರಿನದಾದರೆ ಎರಡು ವೋಲ್ಟ್ ಮಾತ್ರ. ಹ್ಯಾಮ್-4ಕ್ಕೆ ಎಂಟು ತಂತಿ ಬೇಕು. ಅವುಗಳಲ್ಲಿ ಬ್ರೇಕಿನ ತಂತಿ ಮತ್ತು ಕಾಮನ್ (ಎಲ್ಲಕ್ಕೂ ಸಮಾನವಾದ) ತಂತಿ ಎರಡಾದರೂ ದಪ್ಪವಿರಬೇಕು.

ಮೇಜಿನ ಮೇಲೆಯೇ ಪೊಟೆನ್ಶಿಯೊಮೀಟರನ್ನೂ ಪರೀಕ್ಷಿಸಬೇಕು. ಹ್ಯಾಮ್-4ರಲ್ಲಿ ಅದು 500 ಓಮ್‌ನದು. ಮುಳ್ಳಿನ ಮೀಟರನ್ನು, ಅಂದರೆ ಅನಲಾಗ್ ಮಲ್ಟಿಮೀಟರನ್ನು ಅದರ ಒಂದು ತುದಿಗೂ ನಡುಕಾಲಿಗೂ ಜೋಡಿಸಿ ರೊಟೇಟರನ್ನು ಒಂದು ತುದಿಯಿಂದ ಇನ್ನೊಂದಕ್ಕೆ ಓಡಿಸಿ. ಮುಳ್ಳು ಸೊನ್ನೆಯ ಹತ್ತಿರದಿಂದ 500ರ ಕಡೆಗೆ ಒಂದೇ ಸಮನೆ ಏರಬೇಕು. ಎಲ್ಲಾದರೂ ಹಾರಿದರೆ, ಒಂದು ಕ್ಷಣ ಬಿದ್ದು ಎದ್ದರೆ, ಆ ಜಾಗದಲ್ಲಿ ಪಟ್ಟಿ ಸವೆದಿದೆ ಅಥವಾ ಕೊಳೆ ಕೂತಿದೆ ಎಂದರ್ಥ. ಡಿಜಿಟಲ್ ಮೀಟರು ಅಂಕಿ ಬದಲಿಸುವ ಭರದಲ್ಲಿ ಈ ಹಾರಾಟವನ್ನು ಮುಚ್ಚಿಬಿಡುವುದುಂಟು. ಟವರಿನ ಮೇಲೇರಿದ ನಂತರ ಇದೇ ದೋಷ ‘ಮುಳ್ಳು ನಡುಗುತ್ತದೆ’ ಎಂಬ ದೂರಾಗಿ ಬರುತ್ತದೆ. ಆಗ ಅದನ್ನು ಸರಿಪಡಿಸಲು ಆಂಟೆನಾವನ್ನೇ ಇಳಿಸಬೇಕಾದೀತು. ಹಳೆಯ ಕಂಟ್ರೋಲ್ ಬಾಕ್ಸುಗಳಲ್ಲಿ ಮೋಟರು ಚಾಲೂ ಮಾಡುವ ಕೆಪಾಸಿಟರ್ ಕೂಡ ವಯಸ್ಸಾಗಿ ಸೋಲುವ ಭಾಗ. ತಿರುಗುವಿಕೆ ನಿಧಾನವಾದರೆ ಗೇರನ್ನು ಅನುಮಾನಿಸುವ ಮೊದಲು ಅದನ್ನು ಬದಲಿಸಿ ನೋಡುವುದು ಒಳಿತು.

ಎರಡು ತುದಿಯ ಲಿಮಿಟ್ ಸ್ವಿಚ್‌ಗಳು ಕೆಲಸ ಮಾಡುತ್ತವೆಯೇ ನೋಡಿ, ರೊಟೇಟರನ್ನು ಅದರ ವ್ಯಾಪ್ತಿಯ ಸರಿ ನಡುಬಿಂದುವಿಗೆ ತಂದು ನಿಲ್ಲಿಸಿ, ತಿರುಗುವ ಭಾಗಕ್ಕೂ ನಿಂತ ಭಾಗಕ್ಕೂ ಅಡ್ಡಲಾಗಿ ಬಣ್ಣದಲ್ಲಿ ಒಂದು ಗೆರೆ ಎಳೆಯಿರಿ. ಮೇಲೆ ಗೊಂದಲವಾದಾಗ ದಾರಿ ತೋರಿಸುವುದು ಆ ಗೆರೆಯೇ.

ಟವರಿನ ಮೇಲೆ

ಮಾಸ್ಟಿನ ನಡುರೇಖೆ ಮತ್ತು ರೊಟೇಟರಿನ ನಡುರೇಖೆ ಒಂದೇ ಆಗಿರಬೇಕು. ಹಲವು ರೊಟೇಟರುಗಳ ಮಾಸ್ಟ್ ಕ್ಲ್ಯಾಂಪು ಒಂದು ನಿರ್ದಿಷ್ಟ ವ್ಯಾಸದ ಕೊಳವೆಯನ್ನು ಮಾತ್ರ ನಟ್ಟನಡುವೆ ಹಿಡಿಯುತ್ತದೆ. ಬೇರೆ ಅಳತೆಯ ಕೊಳವೆ ಹಾಕಿದರೆ ಅದು ಕೆಲವು ಮಿಲಿಮೀಟರ್ ಪಕ್ಕಕ್ಕೆ ಸರಿಯುತ್ತದೆ. ಮೇಲೆ ಮಾಸ್ಟನ್ನು ಹಿಡಿಯುವ ಥ್ರಸ್ಟ್ ಬೇರಿಂಗ್ ಇದ್ದರೆ ಆ ಕೆಲವು ಮಿಲಿಮೀಟರು ಪ್ರತಿ ಸುತ್ತಿನಲ್ಲೂ ಮಾಸ್ಟನ್ನು ಬಾಗಿಸುತ್ತದೆ, ಮೋಟರು ಒಂದು ಕಡೆ ಹಗುರಾಗಿ, ಇನ್ನೊಂದು ಕಡೆ ಬಿಗಿಯಾಗಿ ಓಡುತ್ತದೆ. ತೆಳು ತಗಡಿನ ತುಂಡುಗಳನ್ನು ಕೊಟ್ಟು ಮಾಸ್ಟನ್ನು ನಡುವಿಗೆ ತರಬೇಕು. ಬೋಲ್ಟುಗಳನ್ನು ಸಡಿಲ ಬಿಟ್ಟು ಒಂದು ಪೂರ್ತಿ ಸುತ್ತು ತಿರುಗಿಸಿ, ಮಾಸ್ಟ್ ತಾನೇ ತನ್ನ ಜಾಗ ಹುಡುಕಿಕೊಂಡ ಮೇಲೆ ಬಿಗಿಮಾಡುವುದು ಅನುಭವಿಗಳ ಪದ್ಧತಿ.

ತೂಕವನ್ನು ಯಾರು ಹೊರಬೇಕು, ರೊಟೇಟರೇ ಅಥವಾ ಥ್ರಸ್ಟ್ ಬೇರಿಂಗೇ? ಇದರಲ್ಲಿ ಎರಡು ಪಂಗಡಗಳಿವೆ. ಬೇರಿಂಗ್ ತೂಕ ಹೊತ್ತರೆ ರೊಟೇಟರನ್ನು ಬಿಚ್ಚಿ ರಿಪೇರಿಗೆ ಇಳಿಸುವುದು ಸುಲಭ ಎನ್ನುವವರು ಒಂದು ಕಡೆ. ರೊಟೇಟರಿನೊಳಗಿನ ಬೇರಿಂಗುಗಳು ಮೇಲಿನಿಂದ ತೂಕ ಬಿದ್ದಾಗಲೇ ಸರಿಯಾಗಿ ಕೂರುವಂತೆ ಮಾಡಿದವು, ಮೇಲಿನ ಬೇರಿಂಗ್ ಪಕ್ಕದ ಓಲಾಟವನ್ನಷ್ಟೇ ತಡೆಯಲಿ ಎನ್ನುವವರು ಇನ್ನೊಂದು ಕಡೆ. ಸಾಮಾನ್ಯ ಟ್ರೈಬ್ಯಾಂಡರ್ (ಮೂರು ಬ್ಯಾಂಡುಗಳ ಬೀಮ್) ಇರುವ ನಮ್ಮ ಟವರುಗಳಿಗೆ ಎರಡನೆಯದೇ ಸರಿಯೆಂದು ನನ್ನ ಅಭಿಪ್ರಾಯ.

ಮಾಸ್ಟಿಗೂ ಕ್ಲ್ಯಾಂಪಿಗೂ ಅಡ್ಡಲಾಗಿ ಬೋಲ್ಟು ತೂರಿಸಿ ಜಾರದಂತೆ ಮಾಡಬೇಕೇ ಎಂಬುದೂ ಹಳೆಯ ವಾದ. ತೂರಿಸಿದರೆ ದಿಕ್ಕು ತಪ್ಪುವುದಿಲ್ಲ, ಆದರೆ ಬಿರುಗಾಳಿಯ ಹೊಡೆತ ಪೂರ್ತಿ ಗೇರಿಗೆ ಹೋಗುತ್ತದೆ. ತೂರಿಸದಿದ್ದರೆ ಮಾಸ್ಟ್ ಜಾರಿ ಗೇರು ಉಳಿಯುತ್ತದೆ, ಉತ್ತರ ಹೋಗುತ್ತದೆ. ಗೇರಿನ ಬಿಡಿಭಾಗ ಸಿಗುವುದೇ ಕಷ್ಟವಾದ ನಮ್ಮಲ್ಲಿ, ಕ್ಲ್ಯಾಂಪು ಜಾರಿದರೂ ಸರಿ, ಗೇರು ಉಳಿಯಲಿ. ಉತ್ತರವನ್ನು ಮತ್ತೆ ಹೊಂದಿಸಬಹುದು.

ಕೋಆಕ್ಸ್ ಕೇಬಲ್ಲಿಗೆ ಮಾಸ್ಟಿನ ಸುತ್ತ ಸಾಕಷ್ಟು ಸಡಿಲ ಸುರುಳಿ ಬಿಡಬೇಕು. ಎರಡೂ ತುದಿಗೆ ಪೂರ್ತಿ ತಿರುಗಿಸಿ ಅದು ಎಲ್ಲೂ ಎಳೆಯುವುದಿಲ್ಲ, ಟವರಿನ ಮೂಲೆಗೆ ಸಿಕ್ಕುವುದಿಲ್ಲ ಎಂದು ಕಣ್ಣಾರೆ ನೋಡಬೇಕು. ಕಂಟ್ರೋಲ್ ಕೇಬಲ್ ಕನೆಕ್ಟರಿಗೆ ಹೋಗುವ ಮುನ್ನ ಕೆಳಕ್ಕೆ ಬಾಗಿ ಮೇಲೇರಬೇಕು. ಆಗ ಮಳೆನೀರು ಆ ಬಾಗಿನಿಂದಲೇ ತೊಟ್ಟಿಕ್ಕುತ್ತದೆ. ಆಗುಂಬೆಯಂಥ ಮಲೆನಾಡಿನಲ್ಲಿ, ಉಪ್ಪುಗಾಳಿಯ ಕರಾವಳಿಯಲ್ಲಿ ಸ್ಟೇನ್‌ಲೆಸ್ ಬೋಲ್ಟು ಮತ್ತು ಅದಕ್ಕೆ ಸವರುವ ಗ್ರೀಸು ಖರ್ಚಲ್ಲ, ಉಳಿತಾಯ.

ಒಂದು ಮಾತನ್ನು ಒತ್ತಿ ಹೇಳಬೇಕು. ಟವರಿನ ಮೇಲೆ ಮನುಷ್ಯ ಇದ್ದಾಗ ಕಂಟ್ರೋಲ್ ಬಾಕ್ಸಿನ ಪ್ಲಗ್ಗು ಗೋಡೆಯಿಂದ ಹೊರಗಿರಬೇಕು. ತಿರುಗಿಸಿ ನೋಡಬೇಕಾದಾಗ ಮಾತ್ರ, ಮೇಲಿನವರು ಬಾಯಿಬಿಟ್ಟು ಹೇಳಿದ ಮೇಲೆ ಮಾತ್ರ ಹಾಕಬೇಕು. ಮೈತುಂಬ ಹಿಡಿಯುವ ಸುರಕ್ಷಾ ಪಟ್ಟಿ ಇಲ್ಲದೆ ಹತ್ತಬಾರದು, ಹತ್ತಿರದ ವಿದ್ಯುತ್ ತಂತಿಯ ಕಡೆ ಬೂಮ್ ಬೀಳುವ ಸಾಧ್ಯತೆ ಇದ್ದರೆ ಕೆಲಸಕ್ಕೇ ಕೈಹಾಕಬಾರದು. ಗುಡುಗು ಕೇಳಿದರೆ ಕೆಲಸ ಎಷ್ಟೇ ಉಳಿದಿದ್ದರೂ ಇಳಿಯಬೇಕು.

ಉತ್ತರ ಎಲ್ಲಿದೆ?

ದಿಕ್ಸೂಚಿ ಹಿಡಿದು ಟವರಿನ ಬಳಿ ನಿಂತರೆ ಅದು ಟವರಿನ ಉಕ್ಕನ್ನೇ ಹುಡುಕುತ್ತದೆ. ದಕ್ಷಿಣ ಭಾರತದಲ್ಲಿ ಕಾಂತೀಯ ಉತ್ತರಕ್ಕೂ ನಿಜ ಉತ್ತರಕ್ಕೂ ಅಂತರ ಒಂದೆರಡು ಡಿಗ್ರಿ ಮಾತ್ರ. ಅಮೆರಿಕದ ಕೆಲವು ರಾಜ್ಯಗಳಲ್ಲಿ ಅದು 15 ಡಿಗ್ರಿ ಮುಟ್ಟುತ್ತದೆ. ಆ ಲೆಕ್ಕದಲ್ಲಿ ನಾವು ಅದೃಷ್ಟವಂತರು. ಆದರೆ ತಾರಸಿಯ ಕಾಂಕ್ರೀಟಿನೊಳಗಿನ ಕಬ್ಬಿಣ ಮಾಡುವ ತಪ್ಪು ಇದಕ್ಕಿಂತ ಎಷ್ಟೋ ದೊಡ್ಡದು. ಫೋನಿನ ದಿಕ್ಸೂಚಿಗೂ ಇದೇ ಕಷ್ಟ.

ಮಧ್ಯಾಹ್ನದ ನೆರಳು ಉತ್ತರಕ್ಕೆ ಬೀಳುತ್ತದೆ ಎಂದು ಯುರೋಪು, ಅಮೆರಿಕದವರಿಗೆ ಹೇಳಿದ ಉಪಾಯವನ್ನು ಕರ್ನಾಟಕದಲ್ಲಿ ಹಾಗೇ ಬಳಸುವಂತಿಲ್ಲ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ. ಆ ನಡುವೆ ಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಜೂನ್ ಕೊನೆಯಲ್ಲಿ ಒಂದು ಮೀಟರ್ ಕೋಲಿನ ನೆರಳು ಕೇವಲ 18 ಸೆಂಟಿಮೀಟರು. ಡಿಸೆಂಬರಿನಲ್ಲಿ ಅದೇ ಕೋಲು ಉತ್ತರಕ್ಕೆ ಮುಕ್ಕಾಲು ಮೀಟರಿನಷ್ಟು ನೆರಳು ಚೆಲ್ಲುತ್ತದೆ. ಜೊತೆಗೆ, ನಿಜವಾದ ಮಧ್ಯಾಹ್ನ ಗಡಿಯಾರದ 12 ಗಂಟೆಗೆ ಆಗುವುದಿಲ್ಲ. ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ್ದು. ಬೆಂಗಳೂರು 77.6ರಲ್ಲಿದೆ. ವರ್ಷದ ದಿನಕ್ಕೆ ತಕ್ಕಂತೆ ಇಲ್ಲಿನ ಸೌರಮಧ್ಯಾಹ್ನ 12.03ರಿಂದ 12.34ರ ನಡುವೆ ಬರುತ್ತದೆ. ಜೂನಿನಲ್ಲಿ ಒಂದು ನಿಮಿಷ ತಪ್ಪಿದರೆ ನೆರಳು ಒಂದು ಡಿಗ್ರಿಗೂ ಹೆಚ್ಚು ಸರಿದಿರುತ್ತದೆ.

ಈ ಎಲ್ಲ ತೊಡಕನ್ನೂ ದಾಟುವ ವಿಧಾನ ಸೂರ್ಯಸಿದ್ಧಾಂತದ ಮೂರನೆಯ ಅಧ್ಯಾಯದಲ್ಲೇ ಇದೆ. ಸಮತಟ್ಟಾದ ನೆಲದಲ್ಲಿ ಒಂದು ವೃತ್ತ ಬರೆದು ನಡುವೆ ಶಂಕುವನ್ನು, ಅಂದರೆ ನೆರಳು ಚೆಲ್ಲುವ ಕೋಲನ್ನು, ನೆಟ್ಟಗೆ ನಿಲ್ಲಿಸಬೇಕು. ಬೆಳಿಗ್ಗೆ ಉದ್ದವಿದ್ದ ನೆರಳು ಗಿಡ್ಡವಾಗುತ್ತಾ ಅದರ ತುದಿ ವೃತ್ತವನ್ನು ಮುಟ್ಟುವ ಜಾಗಕ್ಕೊಂದು ಗುರುತು, ಮಧ್ಯಾಹ್ನದ ನಂತರ ನೆರಳು ಬೆಳೆದು ಮತ್ತೆ ವೃತ್ತವನ್ನು ದಾಟುವ ಜಾಗಕ್ಕೊಂದು ಗುರುತು. ಎರಡನ್ನೂ ಕೂಡಿಸಿದರೆ ಪೂರ್ವ-ಪಶ್ಚಿಮ ರೇಖೆ. ಅದಕ್ಕೆ ಲಂಬವೇ ಉತ್ತರ-ದಕ್ಷಿಣ. ಗಡಿಯಾರ ಬೇಡ, ಪಂಚಾಂಗ ಬೇಡ, ಸೂರ್ಯ ಯಾವ ಕಡೆಯಿದ್ದಾನೆಂಬ ಚಿಂತೆಯೂ ಬೇಡ. ತಾರಸಿಯ ಮೇಲೆ ತೂಗುಗುಂಡಿನಿಂದ ನೆಟ್ಟಗೆ ನಿಲ್ಲಿಸಿದ ಕೊಳವೆ ಮತ್ತು ಸೀಮೆಸುಣ್ಣದ ವೃತ್ತ ಸಾಕು. ಎಚ್ಚರಿಕೆಯಿಂದ ಮಾಡಿದರೆ ಒಂದು ಡಿಗ್ರಿಯೊಳಗಿನ ಉತ್ತರ ಸಿಗುತ್ತದೆ.

ಇಂದಿನ ಸುಲಭ ದಾರಿ ಉಪಗ್ರಹ ನಕ್ಷೆ. ತಾರಸಿಯಿಂದ ಕಾಣುವ ದೂರದ ಗುರುತೊಂದನ್ನು, ಮೈಸೂರಿನವರಿಗೆ ಚಾಮುಂಡಿ ಬೆಟ್ಟದ ಗೋಪುರ, ಬೇರೆಯವರಿಗೆ ಊರಾಚೆಯ ನೀರಿನ ಟ್ಯಾಂಕು, ನಕ್ಷೆಯಲ್ಲಿ ಹುಡುಕಿ ಅದರ ದಿಕ್ಕಿನ ಕೋನವನ್ನು ಅಳೆಯಬಹುದು. ಗುರುತು 5 ಕಿ.ಮೀ. ದೂರವಿದ್ದು, ಜಾಗದಲ್ಲಿ 50 ಮೀಟರ್ ತಪ್ಪಿದರೂ ಕೋನದ ತಪ್ಪು ಅರ್ಧ ಡಿಗ್ರಿಯಷ್ಟು. ರಾತ್ರಿ ಧ್ರುವನಕ್ಷತ್ರವೂ ನೆರವಾಗಬಲ್ಲುದು, ಆದರೆ ನಮ್ಮ ಅಕ್ಷಾಂಶದಲ್ಲಿ ಅದು ದಿಗಂತದಿಂದ ಕೇವಲ 13 ಡಿಗ್ರಿ ಮೇಲೆ. ನಗರದ ಮಬ್ಬಿನಲ್ಲಿ ಕಾಣುವುದು ಅಪರೂಪ.

ನೆಲದ ಮೇಲಿನ ರೇಖೆಯನ್ನು ಆಂಟೆನಾಕ್ಕೆ ಮುಟ್ಟಿಸಲು ಇಬ್ಬರು ಬೇಕು. ಒಬ್ಬರು ಆ ರೇಖೆಯ ಮೇಲೆಯೇ ಟವರಿನಿಂದ ಸಾಕಷ್ಟು ದೂರ ಹೋಗಿ ನಿಲ್ಲುತ್ತಾರೆ. ಇನ್ನೊಬ್ಬರು ಸ್ವಲ್ಪಸ್ವಲ್ಪವೇ ತಿರುಗಿಸುತ್ತಾರೆ. ಬೂಮ್ ಗಿಡ್ಡವಾಗುತ್ತಾ ಬಂದು ಮಾಸ್ಟಿನಲ್ಲಿ ಅಡಗಿ, ಎಲಿಮೆಂಟುಗಳೆಲ್ಲ ಒಂದರ ಹಿಂದೊಂದು ಸೇರಿ ಒಂದೇ ಅಡ್ಡಗೆರೆಯಂತೆ ಕಂಡಾಗ ಆಂಟೆನಾ ಆ ರೇಖೆಯ ಮೇಲಿದೆ. ಗಿಡ್ಡ ಎಲಿಮೆಂಟ್, ಅಂದರೆ ಡೈರೆಕ್ಟರ್, ಉತ್ತರಕ್ಕಿದೆಯೇ ಎಂದು ಆಗಲೇ ಖಚಿತಪಡಿಸಿಕೊಂಡರೆ 180 ಡಿಗ್ರಿಯ ಪ್ರಮಾದ ತಪ್ಪುತ್ತದೆ.

ತಡೆ ದಕ್ಷಿಣದಲ್ಲಿರಲಿ

ಭೂಮಿ ಗೋಳವಾದ್ದರಿಂದ ಅಲೆ ಹಿಡಿಯುವ ಹತ್ತಿರದ ದಾರಿ ಶಾಲೆಯ ನಕ್ಷೆಯ ನೇರಗೆರೆಯಲ್ಲ. ಬೆಂಗಳೂರಿನಿಂದ ಲೆಕ್ಕ ಹಾಕಿದರೆ ಲಂಡನ್ 320 ಡಿಗ್ರಿಯಲ್ಲಿ, ನ್ಯೂಯಾರ್ಕ್ 335ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೊ 20ರಲ್ಲಿ, ಟೋಕಿಯೊ 56ರಲ್ಲಿ ಇವೆ. ಸಿಡ್ನಿ 127, ಸಾವೊ ಪಾಲೊ 250. ಅಮೆರಿಕದ ಒಂದು ಕರಾವಳಿ ಉತ್ತರದ ಎಡಕ್ಕೆ, ಇನ್ನೊಂದು ಬಲಕ್ಕೆ! ಹ್ಯಾಮ್‌ಗಳು ಹೆಚ್ಚಿರುವ ಯುರೋಪು, ಉತ್ತರ ಅಮೆರಿಕ, ಜಪಾನ್ ಮೂರೂ ನಮ್ಮ ಉತ್ತರಾರ್ಧದಲ್ಲೇ ಇವೆ. ದಕ್ಷಿಣಕ್ಕೆ ಬಹುಪಾಲು ಹಿಂದೂ ಮಹಾಸಾಗರ.

ರೊಟೇಟರಿನ ತಡೆ, ಅಂದರೆ ಅದು ಇನ್ನು ಮುಂದೆ ತಿರುಗದ ಬಿಂದು, ಉತ್ತರದಲ್ಲಿದ್ದರೆ ನ್ಯೂಯಾರ್ಕಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ 45 ಡಿಗ್ರಿ ತಿರುಗುವ ಬದಲು 315 ಡಿಗ್ರಿ ಸುತ್ತಿ ಬರಬೇಕು. ಅಷ್ಟರಲ್ಲಿ ಕರೆದ ನಿಲ್ದಾಣ ಬೇರೆಯವರ ಪಾಲಾಗಿರುತ್ತದೆ. ಹ್ಯಾಮ್-4ರ ಮೀಟರಿನಲ್ಲಿ ನಡುವೆ ಉತ್ತರ, ಎರಡು ತುದಿಗೆ ದಕ್ಷಿಣ ಇರುವುದು ನಮಗೆ ಸರಿಹೊಂದುತ್ತದೆ. ಯೇಸುವಿನ 450 ಡಿಗ್ರಿ ತಿರುಗುವ ಮಾದರಿಗಳಲ್ಲಿ 90 ಡಿಗ್ರಿಯ ಅತಿವ್ಯಾಪ್ತಿ ಇರುವುದರಿಂದ ತೊಂದರೆ ಕಡಿಮೆ, ಆದರೂ ಹಿಂತಿರುಗುವಾಗ ಯಾವ ಸುತ್ತಿನಲ್ಲಿದ್ದೇವೆ ಎಂಬುದನ್ನು ನೆನಪಿಡಬೇಕು. ರೊಟೇಟರನ್ನು ಕೂರಿಸುವ ದಿನವೇ ಈ ತೀರ್ಮಾನ ಆಗಬೇಕು.

ಸೊನ್ನೆ, ಪೂರ್ಣ, ನಡುವಿನ ದಾರಿ

ಇಷ್ಟು ಮಾಡಿದ ಮೇಲೆ ಕ್ಯಾಲಿಬ್ರೇಶನ್ ಸರಳ. ಒಂದು ತುದಿಯ ತಡೆಗೆ ಓಡಿಸಿ ಮುಳ್ಳನ್ನು ಸೊನ್ನೆಗೆ ತರಬೇಕು, ಇನ್ನೊಂದು ತುದಿಗೆ ಓಡಿಸಿ ಪೂರ್ಣ ಅಳತೆಗೆ ತರಬೇಕು. ಒಂದು ತಿರುಪು ಇನ್ನೊಂದನ್ನು ಅಲುಗಿಸುವುದರಿಂದ ಎರಡು ಮೂರು ಬಾರಿ ಹೋಗಿಬರಬೇಕು. ನಂತರ ಗೊತ್ತಿರುವ ನಾಲ್ಕಾರು ದಿಕ್ಕುಗಳಲ್ಲಿ ನಿಲ್ಲಿಸಿ ಮುಳ್ಳಿನ ಮಾತನ್ನು ನಿಜದೊಂದಿಗೆ ಹೋಲಿಸಬೇಕು. ಗೇರುಗಳ ಸಡಿಲದಿಂದಾಗಿ ಎಡದಿಂದ ಬಂದಾಗ ಒಂದು, ಬಲದಿಂದ ಬಂದಾಗ ಇನ್ನೊಂದು ಓದು ಬರಬಹುದು. ಯಾವಾಗಲೂ ಒಂದೇ ಬದಿಯಿಂದ ಗುರಿಗೆ ಬಂದರೆ ಈ ವ್ಯತ್ಯಾಸ ಮಾಯ.

ಕೆ3ಎನ್‌ಜಿ ಎಂಬ ಕರೆಸಂಕೇತದ ಹ್ಯಾಮ್ ಬರೆದ, ಎಲ್ಲರಿಗೂ ತೆರೆದಿರುವ ಆರ್ಡುಯಿನೊ ತಂತ್ರಾಂಶ ಈಗ ಮನೆಯಲ್ಲೇ ಕಂಟ್ರೋಲರ್ ಕಟ್ಟುವುದನ್ನು ಸುಲಭ ಮಾಡಿದೆ. ಅಂಥ ಬೋರ್ಡಿನ 10 ಬಿಟ್ ಪರಿವರ್ತಕ 450 ಡಿಗ್ರಿಯನ್ನು 1024 ಮೆಟ್ಟಿಲುಗಳಾಗಿ ಒಡೆಯುತ್ತದೆ. ಒಂದೊಂದು ಮೆಟ್ಟಿಲೂ ಸುಮಾರು 0.44 ಡಿಗ್ರಿ. ಎಚ್‌ಎಫ್‌ಗೆ ಇದು ಧಾರಾಳ. ಪೊಟೆನ್ಶಿಯೊಮೀಟರಿನ ಬದಲು ಸುತ್ತುಗಳನ್ನು ಎಣಿಸುವ ರೀಡ್ ಸ್ವಿಚ್ ಇದ್ದರೆ ಕರೆಂಟು ಹೋದಾಗ ಎಣಿಕೆ ಉಳಿಯುವಂತೆ ನೋಡಿಕೊಳ್ಳಬೇಕು. ಅಗ್ಗದ ಮ್ಯಾಗ್ನೆಟೊಮೀಟರ್ ಚಿಪ್ಪುಗಳು ಟವರಿನ ಉಕ್ಕಿನ ಪಕ್ಕದಲ್ಲಿ ನಂಬಿಕೆಗೆ ಅರ್ಹವಲ್ಲ. ಅದೇ, ಏರುಕೋನ ಅಳೆಯುವ ಆಕ್ಸೆಲೆರೊಮೀಟರ್ ಭೂಮಿಯ ಗುರುತ್ವವನ್ನೇ ಆಧರಿಸುವುದರಿಂದ ಚೆನ್ನಾಗಿ ಕೆಲಸ ಮಾಡುತ್ತದೆ. ಪ್ರಸಾರ ಮಾಡುವಾಗ ಮಾತ್ರ ಓದು ಕುಣಿದರೆ ರೇಡಿಯೊ ಶಕ್ತಿ ಕಂಟ್ರೋಲ್ ಕೇಬಲ್ಲಿಗೆ ನುಗ್ಗುತ್ತಿದೆ ಎಂದರ್ಥ. ಫೆರೈಟ್ ಉಂಗುರ ಮತ್ತು ಸಣ್ಣ ಕೆಪಾಸಿಟರುಗಳು ಅದನ್ನು ತಡೆಯುತ್ತವೆ.

ಗಾಳಿಯಲ್ಲಿ ಬರುವ ಸಂಕೇತದಿಂದಲೂ ಪರೀಕ್ಷಿಸಬಹುದು. 14.100 ಮೆಗಾಹರ್ಟ್ಸ್‌ನಲ್ಲಿ ಎನ್‌ಸಿಡಿಎಕ್ಸ್‌ಎಫ್ ಸಂಸ್ಥೆಯ ಬೀಕನ್ನುಗಳು, ಅಂದರೆ ಗುರುತಿನ ಪ್ರಸಾರ ಕೇಂದ್ರಗಳು, ಮೂರು ನಿಮಿಷದ ಆವರ್ತದಲ್ಲಿ ಒಂದೊಂದಾಗಿ ಹತ್ತು ಸೆಕೆಂಡು ಸರದಿ ಪಡೆಯುತ್ತವೆ. ಅವುಗಳಲ್ಲಿ ರಷ್ಯಾದ ನೊವೊಸಿಬಿರ್ಸ್ಕ್‌ನದು ಬೆಂಗಳೂರಿನಿಂದ ಸುಮಾರು 5 ಡಿಗ್ರಿಯಲ್ಲಿ, ಬಹುತೇಕ ನೇರ ಉತ್ತರದಲ್ಲಿದೆ. ಅದು ಕೇಳಿದಾಗ ಆಂಟೆನಾ ತಿರುಗಿಸಿ ನೋಡಿದರೆ ದೊಡ್ಡ ತಪ್ಪುಗಳು ಬಯಲಾಗುತ್ತವೆ. ಗಟ್ಟಿಯಾಗಿ ಕೇಳುವ ದಿಕ್ಕು ಹರವಾಗಿರುತ್ತದೆ, ಪಕ್ಕದ ಮೌನದ ದಿಕ್ಕುಗಳು ಮೊನಚಾಗಿರುತ್ತವೆ. ಎರಡು ಮೌನಗಳ ನಡುಬಿಂದು ಹೆಚ್ಚು ನಿಖರ. ವಿಎಚ್‌ಎಫ್‌ನಿಂದ ಮೇಲಕ್ಕೆ ಸೂರ್ಯನ ಗದ್ದಲವೇ ಅತ್ಯುತ್ತಮ ಅಳತೆಗೋಲು, ಏಕೆಂದರೆ ಸೂರ್ಯ ಎಲ್ಲಿದ್ದಾನೆಂಬುದು ಪ್ರತಿ ಕ್ಷಣಕ್ಕೂ ಲೆಕ್ಕದಲ್ಲಿದೆ.

ಉಪಗ್ರಹದ ಬೆನ್ನು ಹತ್ತಿ

2005ರ ಮೇ 5ರಂದು ಪಿಎಸ್‌ಎಲ್‌ವಿ-ಸಿ6 ಹೊತ್ತೊಯ್ದ ಭಾರತದ ಹವ್ಯಾಸಿ ಉಪಗ್ರಹ ಹ್ಯಾಮ್‌ಸ್ಯಾಟ್ 2014ರ ಜುಲೈವರೆಗೆ ಜಗತ್ತಿನ ಹ್ಯಾಮ್‌ಗಳಿಗೆ ದನಿಯಾಗಿತ್ತು. ನಮ್ಮವರಲ್ಲಿ ಅನೇಕರು ಉಪಗ್ರಹ ಸಂಪರ್ಕ ಕಲಿತದ್ದೇ ಅದರಿಂದ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಂಥದ್ದು ದಿಗಂತದಿಂದ ದಿಗಂತಕ್ಕೆ ದಾಟುವುದು ಹತ್ತು ನಿಮಿಷದಲ್ಲಿ. ದಿಕ್ಕು, ಏರುಕೋನ ಎರಡನ್ನೂ ತಿರುಗಿಸಬೇಕು. ನೆತ್ತಿಯ ಸಮೀಪ ಹಾಯುವಾಗ ದಿಕ್ಕು ಸುಮಾರು 180 ಡಿಗ್ರಿ ಥಟ್ಟನೆ ಬದಲಾಗುತ್ತದೆ. ಒಂದು ಸುತ್ತಿಗೆ ನಿಮಿಷ ಹಿಡಿಯುವ ರೊಟೇಟರ್ ಅದರ ಹಿಂದೆ ಬೀಳುತ್ತದೆ. ಯೇಸುವಿನ ಜಿ-5500 ಏರುಕೋನದಲ್ಲಿ 180 ಡಿಗ್ರಿ ತಿರುಗುವುದು ಇದಕ್ಕಾಗಿಯೇ. ಆಂಟೆನಾವನ್ನು ನೆತ್ತಿಯ ಮೇಲಿನಿಂದ ಹಿಂದಕ್ಕೆ ಮಗುಚಿ ಅಟ್ಟಬಹುದು. ಜಿಪ್ರೆಡಿಕ್ಟ್, ಹ್ಯಾಮ್‌ಲಿಬ್‌ನಂಥ ಉಚಿತ ತಂತ್ರಾಂಶಗಳು ಈ ಓಟವನ್ನು ತಾವೇ ನಡೆಸುತ್ತವೆ. ಅವುಗಳ ಲೆಕ್ಕ ಸರಿಯಿರಬೇಕಾದರೆ ಕಂಪ್ಯೂಟರಿನ ಗಡಿಯಾರವೂ ಸರಿಯಿರಬೇಕು.

ಎಲ್ಲರಿಗೂ ರೊಟೇಟರ್ ಬೇಕೇ?

ಬೇಡ. ಭೂಸ್ಥಿರ ಉಪಗ್ರಹ ಕ್ಯೂಒ-100 ಬೆಂಗಳೂರಿನಿಂದ ಸುಮಾರು 260 ಡಿಗ್ರಿ ದಿಕ್ಕಿನಲ್ಲಿ, 30 ಡಿಗ್ರಿ ಎತ್ತರದಲ್ಲಿ ಸದಾ ನಿಂತಿದೆ. ಅದಕ್ಕೊಂದು ಡಿಶ್ ಸಾಕು, ಮೋಟರು ಬೇಡ. ಸ್ಟೆಪ್‌ಐಆರ್‌ನಂಥ ಆಂಟೆನಾಗಳು ತಾವು ತಿರುಗದೆಯೇ ಬೀಮನ್ನು ಹಿಂದುಮುಂದು ಮಾಡುತ್ತವೆ. ನಾಲ್ಕು ಲಂಬ ಆಂಟೆನಾಗಳ ಗುಂಪು ಒಂದು ಸ್ವಿಚ್ಚಿನಲ್ಲಿ ದಿಕ್ಕು ಬದಲಿಸುತ್ತದೆ. ಹಗುರವಾದ ಹೆಕ್ಸ್‌ಬೀಮ್ ಇಟ್ಟುಕೊಂಡವರಿಗೆ ಸಣ್ಣ ರೊಟೇಟರೇ ಸಾಕು. ನಮ್ಮ ತಾರಸಿಗಳಿಗೆ ಇದು ನನ್ನ ಮೊದಲ ಶಿಫಾರಸು.

ದೊಡ್ಡ ಯಾಗಿ ನಿಲ್ಲಿಸಲೇಬೇಕೆಂದವರು ಒಂದು ನೋಟ್‌ಬುಕ್ ಇಡಲಿ. ಎರಡು ತುದಿಗಳಲ್ಲಿ ಪೊಟೆನ್ಶಿಯೊಮೀಟರಿನ ಓಮ್, ಉತ್ತರ ಕಂಡುಹಿಡಿದ ವಿಧಾನ, ಒಂದು ಸುತ್ತಿಗೆ ಹಿಡಿದ ಸೆಕೆಂಡು, ಕೇಬಲ್ಲಿನ ಯಾವ ಬಣ್ಣ ಯಾವ ಟರ್ಮಿನಲ್ಲಿಗೆ ಎಂಬುದೆಲ್ಲ ಅದರಲ್ಲಿರಲಿ. ಪ್ರತಿವರ್ಷ ಮಾರ್ಚಿನಲ್ಲಿ, ಬಿರುಗಾಳಿಗೆ ಮುನ್ನ ಒಮ್ಮೆ, ಮಳೆಗಾಲ ಮುಗಿದು ನವೆಂಬರಿನಲ್ಲಿ ಒಮ್ಮೆ ಆ ಅಂಕಿಗಳನ್ನು ಮತ್ತೆ ಅಳೆದರೆ ಕೆಡುಕು ದೊಡ್ಡದಾಗುವ ಮೊದಲೇ ಸಿಗುತ್ತದೆ.

ಇನ್ನೊಂದು ಕೆಲಸ ಒಬ್ಬಿಬ್ಬರಿಂದ ಆಗದು, ಕ್ಲಬ್ಬುಗಳು ಮಾಡಬೇಕು. ಸುರಕ್ಷಾ ಪಟ್ಟಿ, ರಾಟೆ, ಹಗ್ಗ, ಒಳ್ಳೆಯ ಮೀಟರು, ಬದಲಿ ಪೊಟೆನ್ಶಿಯೊಮೀಟರು ಮತ್ತು ಕೆಪಾಸಿಟರುಗಳನ್ನು ಪ್ರತಿ ಹ್ಯಾಮ್ ಬೇರೆ ಬೇರೆ ಕೊಳ್ಳುವುದು ದಂಡ. ಜಿಲ್ಲೆಗೊಂದು ಸಾಮೂಹಿಕ ಪೆಟ್ಟಿಗೆ ಇದ್ದು, ಟವರ್ ಹತ್ತಬಲ್ಲ ಹಿರಿಯರೊಬ್ಬರು ಪ್ರತಿ ಕೆಲಸದಲ್ಲೂ ಇಬ್ಬರು ಕಿರಿಯರನ್ನು ಜೊತೆಗೆ ಕರೆದೊಯ್ದರೆ, ಲೈಸೆನ್ಸ್ ಪರೀಕ್ಷೆಯ ಪುಸ್ತಕದಲ್ಲಿ ಸಿಗದ ಈ ವಿದ್ಯೆ ಉಳಿಯುತ್ತದೆ. ಆಮದಾಗಿ ಬರುವ ಯಂತ್ರಕ್ಕಿಂತ, ಅದನ್ನು ಬಿಚ್ಚಿ ಸರಿಮಾಡಬಲ್ಲ ನಾಲ್ಕು ಜನ ಊರಿನಲ್ಲಿರುವುದು ನಮಗೆ ಹೆಚ್ಚು ಬೇಕಾದದ್ದು.